ಬಣ್ಣಕ್ಕೂ ಮೊದಲಿನ ಕೆಲಸ: ಪ್ಲಾಸ್ಟಿಕ್ ಜೆಟ್ ವಿಮಾನದ ಮಾದರಿಯನ್ನು ಕಟ್ಟುವ ಬಗೆ

ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಕಟ್ಟುವ ಜೆಟ್ ವಿಮಾನದ ಮಾದರಿಯಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಹೀಗಾಗಿ ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ಬಣ್ಣದ ಡಬ್ಬಿಗಳ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಸಂದು ತುಂಬುವುದರ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಅಂಟಿಸುವಾಗ ಉಳಿದುಹೋದ ಸಣ್ಣಪುಟ್ಟ ದೋಷಗಳನ್ನು ಬಣ್ಣ ಹೇಗೂ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಇದರ ಹಿಂದಿರುತ್ತದೆ. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಬೂದು ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೇ ಬೀಳದಿದ್ದ ಕೂದಲೆಳೆಯಷ್ಟು ಬಿರುಕು ಬಣ್ಣ ಬಿದ್ದ ಮರುಕ್ಷಣ ಎದ್ದು ಕಾಣುತ್ತದೆ. ಬೆಳ್ಳಿ ಬಣ್ಣವಾದರಂತೂ ಅಂಟಿನಲ್ಲಿ ಮೂಡಿದ ಬೆರಳಚ್ಚನ್ನೂ ಬಿಡದೆ ತೋರಿಸುತ್ತದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಬಣ್ಣದ ಬಾಟಲಿಯನ್ನು ತೆರೆಯುವ ಮೊದಲು ಮಾಡಬೇಕಾದ ಕೆಲಸಕ್ಕೆ ಮೀಸಲಾಗಿದೆ.

ಪ್ರೊಪೆಲರ್ ವಿಮಾನದ ಮಾದರಿಗೆ ಅಷ್ಟಾಗಿ ಇಲ್ಲದ ಮೂರು ತೊಡಕುಗಳು ಜೆಟ್ ಮಾದರಿಗೆ ಇವೆ. ಜೆಟ್‌ನ ಒಡಲು ನುಣುಪಾದ ಉದ್ದನೆಯ ಕೊಳವೆಯಂತಿರುವುದರಿಂದ ಎರಡು ಹೋಳುಗಳು ಕೂಡುವ ಗೆರೆ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಮರೆಯಿಲ್ಲದೆ ಸಾಗುತ್ತದೆ. ಮುಂದೆ ಗಾಳಿ ಎಳೆದುಕೊಳ್ಳುವ ಬಾಯಿ, ಹಿಂದೆ ಬಿಸಿ ಗಾಳಿ ಹೊರಹಾಕುವ ನಳಿಕೆ ಎರಡೂ ತೆರೆದಿರುವುದರಿಂದ ಒಳಭಾಗವೂ ನೋಡುವವರಿಗೆ ಕಾಣುತ್ತದೆ. ಇನ್ನು ಮೂಗಿನ ಕೆಳಗೊಂದು, ನಡುವೆ ಎರಡು ಎಂಬ ಚಕ್ರಗಳ ಜೋಡಣೆಯಿಂದಾಗಿ ಭಾರ ಹಿಂದಕ್ಕೆ ಬಿದ್ದರೆ ಮಾದರಿ ಮೂಗೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಈ ಮೂರೂ ತೊಡಕುಗಳು ಒಂದೇ ಕಡೆ ಸಿಗುವುದರಿಂದ ಸೋವಿಯತ್ ವಿನ್ಯಾಸದ ಮಿಗ್-21 ಅನ್ನು ಉದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಜೆಟ್‌ಗಳಿಗೂ ಕ್ರಮ ಹೆಚ್ಚುಕಡಿಮೆ ಇದೇ.

ಅಳತೆಯ ಆಯ್ಕೆ

ಜೆಟ್ ಕಿಟ್‌ಗಳು ಸಾಮಾನ್ಯವಾಗಿ 1:144, 1:72, 1:48 ಮತ್ತು 1:32 ಎಂಬ ಅಳತೆಗಳಲ್ಲಿ ಬರುತ್ತವೆ. 1:72 ಎಂದರೆ ನಿಜವಾದ ವಿಮಾನದ 72 ಸೆಂಟಿಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್ ಆಗುತ್ತದೆ. ಮಿಗ್-21ರ ರೆಕ್ಕೆಗಳ ಅಗಲ 7.15 ಮೀಟರ್, 1:72ರಲ್ಲಿ ಅದು ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ, 1:48ರಲ್ಲಿ ಸುಮಾರು 15 ಸೆಂಟಿಮೀಟರ್. ಮೊದಲ ಮಾದರಿಗೆ 1:48 ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸಣ್ಣ ಅಳತೆ ಸುಲಭವಿರಬಹುದೆಂದು ಅನ್ನಿಸುವುದು ಸಹಜ, ಆದರೆ ಭಾಗ ಚಿಕ್ಕದಾದಷ್ಟೂ ಅಂಟಿನ ಒಂದು ಹನಿ ಮಾಡುವ ಹಾನಿ ದೊಡ್ಡದು.

ಕಿಟ್ ಆರಿಸುವಾಗ ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ಒಳಗಿನ ಭಾಗಗಳ ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ಮೈಯ ಹಾಳೆಗಳು ಕೂಡುವ ಗೆರೆಗಳು, ಹೇಗಿವೆ ಎಂಬುದನ್ನು ವಿಚಾರಿಸಬೇಕು. ಹಳೆಯ ಅಚ್ಚುಗಳಲ್ಲಿ ಈ ಗೆರೆಗಳು ಮೇಲಕ್ಕೆ ಉಬ್ಬಿರುತ್ತವೆ. ಸಂದನ್ನು ಉಜ್ಜುವಾಗ ಅವೂ ಅಳಿಸಿಹೋಗುತ್ತವೆ. ಈಚಿನ ಅಚ್ಚುಗಳಲ್ಲಿ ಗೆರೆಗಳು ಒಳಕ್ಕೆ ಕೊರೆದಿರುತ್ತವೆ. ಹೊಸಬರಿಗೆ ಎರಡನೆಯದೇ ಸರಿ.

ಕೈಯಲ್ಲಿರಬೇಕಾದ ಸಾಮಾನು

ಒಂದು ಬದಿ ಚಪ್ಪಟೆಯಾಗಿರುವ ಸಣ್ಣ ಕಟರ್, ಬ್ಲೇಡ್ ಬದಲಿಸಬಹುದಾದ ಮೊನಚು ಚಾಕು, ಚಿಮಟ, 400ರಿಂದ 2000ದವರೆಗಿನ ಸ್ಯಾಂಡ್ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು), ಬಣ್ಣ ತಾಗಬಾರದ ಜಾಗವನ್ನು ಮುಚ್ಚುವ ಮಾಸ್ಕಿಂಗ್ ಟೇಪ್, ಪುಟ್ಟಿ ಮತ್ತು ಮೂರು ಬಗೆಯ ಅಂಟು ಇಷ್ಟಿದ್ದರೆ ಕಟ್ಟುವ ಕೆಲಸ ಆರಂಭಿಸಬಹುದು. ಮೂರು ಅಂಟುಗಳ ಸ್ವಭಾವ ಬೇರೆ ಬೇರೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು. ಕಿಟ್‌ಗಳನ್ನು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ದಿರುತ್ತಾರೆ. ಪ್ಲಾಸ್ಟಿಕ್ ಸಿಮೆಂಟ್ ಎಂದು ಮಾರುವ ದ್ರವ ಈ ಪಾಲಿಸ್ಟೈರೀನನ್ನು ಕರಗಿಸಿ ಎರಡು ಅಂಚುಗಳನ್ನು ಬೆಸುಗೆ ಹಾಕಿದಂತೆ ಒಂದಾಗಿಸುತ್ತದೆ. ಲೋಹ ಅಥವಾ ರೆಸಿನ್ (ಇನ್ನೊಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಭಾಗಗಳನ್ನು ಅದು ಕರಗಿಸಲಾರದು, ಅವಕ್ಕೆ ಸೂಪರ್ ಗ್ಲೂ ಬೇಕು. ಪಾರದರ್ಶಕ ಭಾಗಗಳಿಗೆ ಬಡಗಿಗಳು ಬಳಸುವಂಥ ಬಿಳಿ ಅಂಟು ಸಾಕು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಸಿಮೆಂಟಿನ ಮತ್ತು ಬಣ್ಣದ ಆವಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಬಣ್ಣ ಸಿಂಪಡಿಸುವಾಗ ರಾಸಾಯನಿಕ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮುಖಕವಚ ಬೇಕು, ಬಟ್ಟೆಯ ಮಾಸ್ಕ್‌ಗೆ ಆವಿಯನ್ನು ತಡೆಯುವ ಶಕ್ತಿಯಿಲ್ಲ. ರೆಸಿನ್ ಭಾಗಗಳನ್ನು ಒದ್ದೆ ಮಾಡಿಕೊಂಡೇ ಉಜ್ಜಬೇಕು, ಅದರ ಧೂಳನ್ನು ಉಸಿರಾಡಬಾರದು.

ಭಾಗಗಳನ್ನು ಬಿಡಿಸುವುದು

ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಟ್ಟುಬರಲೆಂದು ಕಾರ್ಖಾನೆಯಲ್ಲಿ ಬಳಸುವ ಜಿಡ್ಡು ಭಾಗಗಳ ಮೇಲೆ ಉಳಿದಿರುವ ಸಾಧ್ಯತೆ ಇರುತ್ತದೆ. ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಎಂಬ ಚೌಕಟ್ಟುಗಳನ್ನು ಹಾಗೆಯೇ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸುವುದು ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟರೆ ತಿಂಗಳ ನಂತರ ಮಾಸ್ಕಿಂಗ್ ಟೇಪ್ ಕೀಳುವಾಗ ಅದರೊಂದಿಗೆ ಬಣ್ಣವೂ ಎದ್ದುಬಂದೀತು.

ಕಾಯಿ ತೊಟ್ಟಿನಲ್ಲಿ ನಿಂತಿರುವಂತೆ ಪ್ರತಿಯೊಂದು ಭಾಗವೂ ಚೌಕಟ್ಟಿಗೆ ಸಣ್ಣ ತೊಟ್ಟಿನಿಂದ ಅಂಟಿಕೊಂಡಿರುತ್ತದೆ. ತೊಟ್ಟನ್ನು ಭಾಗದ ಮೈಗೆ ತಾಗಿ ಕತ್ತರಿಸಿದರೆ ಪ್ಲಾಸ್ಟಿಕ್ ಹರಿದು ಸಣ್ಣ ಗುಳಿ ಬೀಳುತ್ತದೆ. ಮೊದಲು ಒಂದೆರಡು ಮಿಲಿಮೀಟರ್ ದೂರದಲ್ಲಿ ಕತ್ತರಿಸಿ ಬಿಡಿಸಿಕೊಳ್ಳಬೇಕು, ಆಮೇಲೆ ಉಳಿದ ಚೂರನ್ನು ಚಾಕುವಿನಿಂದ ಹೆರೆದು, ಕೊನೆಗೆ ಸ್ಯಾಂಡ್ ಪೇಪರಿನಿಂದ ಸಮ ಮಾಡಬೇಕು. ಎಲ್ಲ ಭಾಗಗಳನ್ನೂ ಒಮ್ಮೆಲೇ ಬಿಡಿಸಿ ಹರಡಿಕೊಳ್ಳುವ ಆಸೆಯನ್ನು ತಡೆದುಕೊಳ್ಳುವುದು ಲೇಸು. ಚೌಕಟ್ಟಿನಿಂದ ಬಿಟ್ಟ ಭಾಗಕ್ಕೆ ಸಂಖ್ಯೆ ಇರುವುದಿಲ್ಲ.

ಸೂಚನಾ ಹಾಳೆಯ ಕ್ರಮವನ್ನು ಒಮ್ಮೆ ಪೂರ್ತಿಯಾಗಿ ಓದಿ, ಬಳಿಕ ಅದನ್ನು ತಿದ್ದಿಕೊಳ್ಳಬೇಕೆಂಬುದು ನನ್ನ ಸಲಹೆ. ಚಕ್ರ, ಚಕ್ರದ ಬಾಗಿಲು, ಆಂಟೆನಾ ಮುಂತಾದ ನಾಜೂಕಾದ ಭಾಗಗಳನ್ನು ಹಾಳೆ ನಡುವಿನಲ್ಲೇ ಅಂಟಿಸಲು ಹೇಳಿರುತ್ತದೆ. ಹಾಗೆ ಮಾಡಿದರೆ ಸಂದನ್ನು ಉಜ್ಜುವ ಹೊತ್ತಿಗೆ ಅವುಗಳಲ್ಲಿ ಅರ್ಧ ಮುರಿದಿರುತ್ತವೆ. ಅಂಥವನ್ನೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ಕೊನೆಗೆ ಉಳಿಸಿಕೊಳ್ಳಬೇಕು.

ಒಳಗಿನ ಕೆಲಸ: ಕಾಕ್‌ಪಿಟ್, ಗಾಳಿಬಾಯಿ, ನಳಿಕೆ

ಒಡಲಿನ ಎರಡು ಹೋಳುಗಳು ಕೂಡಿದ ಮೇಲೆ ಕುಂಚ ತಲುಪದ ಜಾಗಗಳಿಗೆಲ್ಲ ಈಗಲೇ ಬಣ್ಣ ಹಚ್ಚಬೇಕು. ಮಿಗ್-21ರ ಕಾಕ್‌ಪಿಟ್‌ನ ಒಳಗೋಡೆಗಳಿಗೆ ಸೋವಿಯತ್ ವಿಮಾನಗಳಲ್ಲಿ ಪ್ರಸಿದ್ಧವಾದ ನೀಲಿ ಬೆರೆತ ಹಸಿರು ಬಣ್ಣವಿರುತ್ತದೆ. ಅಮೆರಿಕದ ಜೆಟ್‌ಗಳಲ್ಲಿ ಅದೇ ಜಾಗ ಸಾಮಾನ್ಯವಾಗಿ ನಡುಬೂದು. ಉಪಕರಣ ಫಲಕಕ್ಕೆ ಬುಡದ ಬಣ್ಣ ಹಚ್ಚಿ ಒಣಗಿದ ಮೇಲೆ ಚಪ್ಪಟೆ ಕುಂಚವನ್ನು ತಿಳಿಬೂದು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒರೆಸಿ ಬಹುತೇಕ ಒಣಗಿಸಿ, ಉಬ್ಬುಗಳ ಮೇಲೆ ಹಗುರವಾಗಿ ಸವರಿದರೆ ಮಾಪಕಗಳ ಬಳೆಗಳೂ ಗುಂಡಿಗಳೂ ಒಂದೊಂದಾಗಿ ಎದ್ದುಬರುತ್ತವೆ. ಮಾಪಕದ ಮುಖದ ಮೇಲೆ ಹೊಳಪು ವಾರ್ನಿಷಿನ ಒಂದೊಂದು ಬಿಂದು ಇಟ್ಟರೆ ಅದು ಗಾಜಿನಂತೆ ಕಾಣುತ್ತದೆ. ಸೀಟಿಗೆ ಪಟ್ಟಿಗಳಿಲ್ಲದಿದ್ದರೆ ಮಾಸ್ಕಿಂಗ್ ಟೇಪನ್ನೇ ಸಣ್ಣಗೆ ಸೀಳಿ ಅಂಟಿಸಿ ಬಣ್ಣ ಹಚ್ಚಬಹುದು. ಮುಚ್ಚಿದ ಕ್ಯಾನೊಪಿಯ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳದ) ಕೆಳಗೆ ಇದಕ್ಕಿಂತ ಹೆಚ್ಚಿನದೇನೂ ಕಾಣುವುದಿಲ್ಲ, ಆದ್ದರಿಂದ ಕಾಕ್‌ಪಿಟ್‌ನಲ್ಲೇ ಎರಡು ವಾರ ಕಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಅಚ್ಚರಿ.

ಗಾಳಿಬಾಯಿಯ ಒಳಗೋಡೆ ಎರಡು ಹೋಳುಗಳಿಂದಾಗಿದ್ದರೆ ಅಲ್ಲಿಯೂ ಸಂದು ಇರುತ್ತದೆ. ಎಫ್-16ರಂಥ ವಿಮಾನದಲ್ಲಿ ಹೊಟ್ಟೆಯಡಿಯ ಬಾಯಿ ದೊಡ್ಡದು, ಒಳಗೆ ಬಿಳಿ ಬಣ್ಣ ಬೇರೆ. ಹಾಗಾಗಿ ಸಂದು ಕಣ್ಣಿಗೆ ಹೊಡೆಯುತ್ತದೆ. ಅದನ್ನು ಬೆರಳಿನಿಂದ ಉಜ್ಜಲಾಗದು. ಸ್ಯಾಂಡ್ ಪೇಪರನ್ನು ಪೆನ್ಸಿಲಿಗೆ ಸುತ್ತಿ ಉಜ್ಜಬೇಕು. ಮಿಗ್-21ರಲ್ಲಿ ಈ ಕಷ್ಟ ಕಡಿಮೆ. ಅದರ ಮೂಗಿನ ಬಾಯಿಯ ನಡುವೆ ಶಂಕುವಿನಾಕಾರದ ಭಾಗವೊಂದು ನಿಂತು ಒಳನೋಟವನ್ನು ತಡೆಯುತ್ತದೆ. ರಾಡಾರ್ ಇರುವುದು ಆ ಶಂಕುವಿನೊಳಗೆ. ರೇಡಿಯೊ ಅಲೆಗಳು ಹಾದುಹೋಗುವಂತೆ ಅದನ್ನು ಲೋಹವಲ್ಲದ ವಸ್ತುವಿನಿಂದ ಮಾಡಿರುತ್ತಾರೆ, ಆದ್ದರಿಂದ ಮೈಯೆಲ್ಲ ಬೆಳ್ಳಿಯಾಗಿರುವ ವಿಮಾನದಲ್ಲೂ ಅದು ಹೆಚ್ಚಾಗಿ ಹಸಿರಾಗಿಯೇ ಉಳಿದಿರುತ್ತದೆ. ಹಿಂದಿನ ನಳಿಕೆಗೆ ಗಾಢ ಲೋಹದ ಬಣ್ಣ ಸಾಕು. ಒಳಗೆ ತುಸು ಕಂದುಬೂದು ಪುಡಿಯನ್ನು ಒಣಗಿದ ಕುಂಚದಿಂದ ಸವರಿದರೆ ಸುಟ್ಟ ನೋಟ ಬರುತ್ತದೆ.

ಮೂಗಿನ ಭಾರ

ಒಡಲನ್ನು ಮುಚ್ಚುವ ಮೊದಲು ನೆನಪಾಗಲೇಬೇಕಾದದ್ದು ಇದು. ನನ್ನ ಎರಡನೆಯ ಮಾದರಿಯಲ್ಲಿ ಭಾರವನ್ನು ಮರೆತಿದ್ದೆ. ಎಲ್ಲ ಮುಗಿಸಿ, ಡೆಕಾಲ್ (ನೀರಿನಲ್ಲಿ ಅದ್ದಿ ಅಂಟಿಸುವ ಚಿಹ್ನೆಗಳ ತೆಳುಪೊರೆ) ಒಣಗಿಸಿ, ಚಕ್ರಗಳನ್ನು ಅಂಟಿಸಿ ಮೇಜಿನ ಮೇಲೆ ಇಟ್ಟೆ. ಅದು ನಿಧಾನವಾಗಿ ಮೂಗೆತ್ತಿ ಬಾಲವೂರಿ ಕುಳಿತಿತು. ಈಗಲೂ ಅದು ಮೂಗಿನಡಿ ಒಂದು ಪಾರದರ್ಶಕ ಕಡ್ಡಿಯ ಊರುಗೋಲಿನ ಮೇಲೆ ನಿಂತಿದೆ.

ಎಷ್ಟು ಭಾರ ಬೇಕೆಂದು ತಿಳಿಯಲು ಲೆಕ್ಕಾಚಾರ ಬೇಡ. ಒಡಲು, ರೆಕ್ಕೆ, ಬಾಲಗಳನ್ನು ಅಂಟಿಸದೆ ಟೇಪಿನಿಂದ ಜೋಡಿಸಿ, ಹಿಂಬದಿಯ ಚಕ್ರಗಳು ಬರುವ ಜಾಗದ ಕೆಳಗೆ ಅಡ್ಡಲಾಗಿ ಪೆನ್ಸಿಲ್ ಇಟ್ಟು ತೂಗಬೇಕು. ಮೂಗು ತಾನಾಗಿ ಕೆಳಗಿಳಿಯುವವರೆಗೆ ಮುಂಭಾಗದಲ್ಲಿ ಭಾರ ಸೇರಿಸುತ್ತಾ ಹೋಗಿ, ಆಮೇಲೆ ಇನ್ನೂ ಸ್ವಲ್ಪ ಸೇರಿಸಬೇಕು. ಬಣ್ಣ, ಬಾಗಿಲು, ಹಿಂದಿನ ಸಣ್ಣ ಭಾಗಗಳ ತೂಕ ಇನ್ನೂ ಬರಲಿಕ್ಕಿದೆ. ಭಾರವನ್ನು ಮೂಗಿಗೆ ಹತ್ತಿರ ಇಟ್ಟಷ್ಟೂ ಕಡಿಮೆ ಸಾಕಾಗುತ್ತದೆ. ಮಿಗ್-21ರ ಟೊಳ್ಳಾದ ಮೂಗಿನ ಶಂಕು ಇದಕ್ಕೆಂದೇ ಮಾಡಿದಂತಿದೆ.

ಮೀನು ಹಿಡಿಯುವವರು ಬಳಸುವ ಸೀಸದ ಗುಂಡುಗಳು ಚಿಕ್ಕ ಜಾಗದಲ್ಲಿ ಹೆಚ್ಚು ತೂಗುತ್ತವೆ, ನಿಜ. ಆದರೆ ಸೀಸ ವಿಷಕಾರಿ, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಜೊತೆಗೆ ಅದನ್ನು ಬಿಳಿ ಅಂಟಿನಿಂದ ಅಂಟಿಸಬಾರದು: ಕಾಲಕ್ರಮದಲ್ಲಿ ಸೀಸದ ಮೇಲೆ ಬಿಳಿ ಪುಡಿಯಂಥ ಸಂಯುಕ್ತ ಬೆಳೆದು ಹಿಗ್ಗುತ್ತದೆ, ಮೂಗು ಒಳಗಿನಿಂದ ಸೀಳುತ್ತದೆ. ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ಬಳಸುವುದು ಕ್ಷೇಮ. ಜಾಗವಿದ್ದರೆ ಸಣ್ಣ ಉಕ್ಕಿನ ನಟ್ಟುಗಳೇ ಸಾಕು.

ಸಂದು

ಇಡೀ ಕೆಲಸದಲ್ಲಿ ತಾಳ್ಮೆಯನ್ನು ಎಲ್ಲಕ್ಕಿಂತ ಹೆಚ್ಚು ಬೇಡುವ ಹಂತ ಇದು, ಅದಕ್ಕೆ ತಕ್ಕ ಫಲವನ್ನು ಕೊಡುವುದೂ ಇದೇ. ಮೊದಲು ಎರಡು ಹೋಳುಗಳನ್ನು ಅಂಟಿಲ್ಲದೆ ಕೂಡಿಸಿ ನೋಡಬೇಕು. ಎಲ್ಲಾದರೂ ಬಾಯಿ ಬಿಟ್ಟರೆ ಒತ್ತಿ ಅಂಟಿಸುವ ಮುಂಚೆ ತಡೆಯುತ್ತಿರುವುದು ಏನೆಂದು ಹುಡುಕಬೇಕು. ಹೆಚ್ಚಿನ ಸಲ ಅದು ಒಳಗಿನ ಕಾಕ್‌ಪಿಟ್ ತೊಟ್ಟಿಯ ಅಂಚು ಅಥವಾ ಹೆರೆಯಲು ಮರೆತ ತೊಟ್ಟು.

ಕೂಡುವಿಕೆ ಸರಿಯಿದ್ದರೆ ಮೂಗಿನಿಂದ ಆರಂಭಿಸಿ ಮೂರು ನಾಲ್ಕು ಸೆಂಟಿಮೀಟರಿನಷ್ಟು ಉದ್ದವನ್ನು ಬೆರಳಿನಲ್ಲಿ ಹಿಡಿದು, ತೆಳು ಸಿಮೆಂಟಿನಲ್ಲಿ ಅದ್ದಿದ ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಬೇಕು. ದ್ರವ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ತಾನಾಗಿಯೇ ಸಂದಿನ ಉದ್ದಕ್ಕೆ ಹರಿಯುತ್ತದೆ. ಹಿಡಿದ ಬೆರಳು ಸಂದಿನ ಮೇಲಿರಬಾರದು; ಇದ್ದರೆ ಸಿಮೆಂಟ್ ಬೆರಳಿನಡಿಗೆ ನುಗ್ಗಿ ಚರ್ಮದ ಗೆರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿಬಿಡುತ್ತದೆ. ಹತ್ತು ಹದಿನೈದು ಸೆಕೆಂಡು ಬಿಟ್ಟು ಎರಡೂ ಬದಿಯಿಂದ ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸಂದಿನಿಂದ ದಾರದಷ್ಟು ತೆಳ್ಳಗೆ ಹೊರಗುಬ್ಬುತ್ತದೆ. ಈ ಉಬ್ಬು ಬಂದರೆ ಒಳಗೆ ಎರಡು ಅಂಚುಗಳು ಒಂದಾಗಿವೆ ಎಂದರ್ಥ, ಅದನ್ನು ಒರೆಸಬಾರದು. ಹೀಗೆ ಮುಂದುಮುಂದಕ್ಕೆ ಹೋಗಿ ಟೇಪಿನಿಂದ ಬಿಗಿದು ಒಂದು ಇಡೀ ದಿನ ಬಿಡಬೇಕು. ಗಂಟೆಯಲ್ಲೇ ಗಟ್ಟಿಯಾದಂತೆ ಅನ್ನಿಸಿದರೂ ಒಳಗಿನ ದ್ರಾವಕ ಆರಿರುವುದಿಲ್ಲ. ಆಗಲೇ ಉಜ್ಜಿದರೆ ಎರಡು ದಿನದ ನಂತರ ಅದೇ ಗೆರೆ ಕುಸಿದು ಮತ್ತೆ ಕಾಣಿಸಿಕೊಳ್ಳುತ್ತದೆ.

ಮಾರನೆಯ ದಿನ 400ರಿಂದ ಉಬ್ಬನ್ನು ಇಳಿಸಿ, 600, 1000 ಎಂದು ನುಣುಪಿನ ಕಡೆಗೆ ಹೋಗಬೇಕು. ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳೂ ಏಳುವುದಿಲ್ಲ, ಕಾಗದದ ಕಣಗಳ ನಡುವೆ ಪ್ಲಾಸ್ಟಿಕ್ ತುಂಬಿಕೊಳ್ಳುವುದೂ ಇಲ್ಲ. ದುಂಡನೆಯ ಒಡಲನ್ನು ಗಟ್ಟಿಯಾದ ಕಡ್ಡಿಯಿಂದ ಉಜ್ಜಿದರೆ ಬೆನ್ನು ಚಪ್ಪಟೆಯಾಗುತ್ತದೆ, ಅಲ್ಲಿ ಮೆತ್ತನೆಯ ಸ್ಪಂಜಿಗೆ ಅಂಟಿಸಿದ ಕಾಗದವೇ ಬೇಕು.

ಬಿರುಕು ಉಳಿದಿದ್ದರೆ ಪುಟ್ಟಿ ತುಂಬಬೇಕು. ಪುಟ್ಟಿ ಒಣಗುವಾಗ ಕುಗ್ಗುವುದರಿಂದ ಒಂದೇ ಸಲ ದಪ್ಪಗೆ ತುಂಬುವ ಬದಲು ಎರಡು ಸಲ ತೆಳ್ಳಗೆ ತುಂಬುವುದು ಮೇಲು. ಕೂದಲೆಳೆಯ ಬಿರುಕಿಗೆ ಸೂಪರ್ ಗ್ಲೂ ಪುಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಕುಗ್ಗುವುದಿಲ್ಲ, ಮತ್ತೆ ಗೆರೆ ಕೊರೆಯುವಾಗ ಪುಡಿಪುಡಿಯಾಗುವುದೂ ಇಲ್ಲ. ಆದರೆ ಅದನ್ನು ಅದೇ ದಿನ ಉಜ್ಜಿ ಮುಗಿಸಬೇಕು. ಮಾರನೆಯ ದಿನಕ್ಕೆ ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಜ್ಜಿದರೆ ಪ್ಲಾಸ್ಟಿಕ್ ತಗ್ಗಿ ಗ್ಲೂ ದಿಣ್ಣೆಯಾಗಿ ಉಳಿಯುತ್ತದೆ.

ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಮತ್ತೆ ಕೊರೆಯಲು ದಪ್ಪನೆಯ ಟೇಪನ್ನು ಅಂಚಾಗಿ ಅಂಟಿಸಿ, ಸೂಜಿ ಅಥವಾ ಕೊರೆಯುವ ಕಡ್ಡಿಯನ್ನು ಭಾರ ಹಾಕದೆ ಐದಾರು ಸಲ ಎಳೆಯಬೇಕು. ಒಂದೇ ಸಲಕ್ಕೆ ಆಳವಾಗಿ ಎಳೆದರೆ ಸೂಜಿ ದಾರಿ ತಪ್ಪುವುದು ಖಂಡಿತ.

ರೆಕ್ಕೆಗಳನ್ನು ಕೂಡಿಸುವಾಗ ಮುಂದಿನಿಂದ ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಬೇಕು. ಮಿಗ್-21ರ ರೆಕ್ಕೆಗಳು ಮಟ್ಟಸವಾಗಿಲ್ಲ, ತುದಿಯ ಕಡೆಗೆ ಎರಡು ಡಿಗ್ರಿಯಷ್ಟು ಕೆಳಕ್ಕೆ ಇಳಿದಿರುತ್ತವೆ. ಒಂದು ರೆಕ್ಕೆ ಇಳಿದು ಇನ್ನೊಂದು ನೆಟ್ಟಗಿದ್ದರೆ ಎಂಥ ಬಣ್ಣವೂ ಅದನ್ನು ಉಳಿಸಲಾರದು. ಒಣಗುವವರೆಗೆ ಎರಡೂ ತುದಿಗಳ ಕೆಳಗೆ ಒಂದೇ ಎತ್ತರದ ಆಧಾರವಿಟ್ಟು ನಿಲ್ಲಿಸಬೇಕು.

ಗಾಜು

ಕ್ಯಾನೊಪಿಗೆ ಸೂಪರ್ ಗ್ಲೂ ತಾಗಿಸಬಾರದು, ಹತ್ತಿರ ಬಳಸಲೂ ಬಾರದು. ಅದರ ಆವಿ ಒಣಗುವಾಗ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕುಳಿತುಬಿಡುತ್ತದೆ. ಹೊರಗಡೆಯಾದರೆ 2000 ಮತ್ತು ಅದಕ್ಕಿಂತ ನುಣುಪಾದ ಕಾಗದದಿಂದ ಉಜ್ಜಿ, ಪಾಲಿಶ್ ಹಾಕಿ ತೆಗೆಯಬಹುದು. ಅಂಟಿಸಿದ ಕ್ಯಾನೊಪಿಯ ಒಳಗಡೆ ಮಂಜು ಕಟ್ಟಿದರೆ ಕಿತ್ತು ತೆಗೆಯುವುದೊಂದೇ ದಾರಿ. ಬಿಳಿ ಅಂಟು ನಿಧಾನವಾಗಿ ಒಣಗಿದರೂ ಪಾರದರ್ಶಕವಾಗಿ ಒಣಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಬಹುದು, ಸಣ್ಣ ಸಂದನ್ನೂ ತುಂಬುತ್ತದೆ.

ಅಂಟಿಸುವ ಮೊದಲು ಕ್ಯಾನೊಪಿಯನ್ನು ಹೊಳಪಿನ ಅಕ್ರಿಲಿಕ್ ವಾರ್ನಿಷಿನಲ್ಲಿ ಅದ್ದಿ, ಹೆಚ್ಚಾದದ್ದನ್ನು ಟಿಶ್ಯೂ ಕಾಗದದ ಮೂಲೆಯಿಂದ ಹೀರಿ, ಧೂಳು ಬೀಳದಂತೆ ಬಟ್ಟಲೊಂದನ್ನು ಕವುಚಿ ಒಣಗಿಸಿದರೆ ಸಣ್ಣ ಗೀರುಗಳು ಮಾಯವಾಗುತ್ತವೆ. ಚೌಕಟ್ಟಿನ ಗೆರೆಗಳ ನಡುವಿನ ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿ, ಮೊದಲು ಕಾಕ್‌ಪಿಟ್‌ನ ಒಳಬಣ್ಣವನ್ನು ಸಿಂಪಡಿಸಿ, ಅದರ ಮೇಲೆ ಹೊರಬಣ್ಣ ಹಾಕಬೇಕು. ಆಗ ಗಾಜಿನ ಮೂಲಕ ನೋಡಿದಾಗ ಚೌಕಟ್ಟಿನ ಒಳಮೈ ಸರಿಯಾದ ಬಣ್ಣದಲ್ಲಿ ಕಾಣುತ್ತದೆ.

ಪ್ರೈಮರ್

ತಿಳಿಬೂದು ಪ್ರೈಮರಿನ ತೆಳುಪದರವೊಂದು ಬಣ್ಣಕ್ಕೆ ಹಿಡಿತ ಕೊಡುವುದರ ಜೊತೆಗೆ ಸಂದಿನ ಪರೀಕ್ಷಕನ ಕೆಲಸವನ್ನೂ ಮಾಡುತ್ತದೆ. ಪ್ರೈಮರ್ ಒಣಗಿದ ಮೇಲೆ ಮಾದರಿಯನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸುತ್ತಾ, ಸಂದಿಗೆ ಅಡ್ಡಲಾಗಿ ಉಗುರನ್ನು ಎಳೆದು ನೋಡಬೇಕು. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಸಿಕ್ಕಿದ ಕಡೆ ಮತ್ತೆ ತುಂಬಿ, ಉಜ್ಜಿ, ಮತ್ತೆ ಪ್ರೈಮರ್ ಹಾಕಬೇಕು. ಎರಡು ಮೂರು ಸುತ್ತು ಬೇಕಾದರೂ ಬೇಸರಪಡುವಂತಿಲ್ಲ.

ಬಣ್ಣ

ಮಾದರಿ ಬಣ್ಣಗಳಲ್ಲಿ ಅಕ್ರಿಲಿಕ್, ಎನಾಮೆಲ್, ಲ್ಯಾಕರ್ ಎಂಬ ಮೂರು ಕುಟುಂಬಗಳಿವೆ. ಅಕ್ರಿಲಿಕ್ ಬೇಗ ಒಣಗುತ್ತದೆ, ವಾಸನೆ ಕಡಿಮೆ; ಎನಾಮೆಲ್ ನಿಧಾನವಾಗಿ ಒಣಗುವುದರಿಂದ ಕುಂಚದ ಗೆರೆಗಳು ತಾವಾಗಿ ಸಮನಾಗುತ್ತವೆ; ಲ್ಯಾಕರ್ ತೆಳ್ಳಗೂ ಗಟ್ಟಿಯಾಗಿಯೂ ಕೂರುತ್ತದೆ, ಆದರೆ ಅದರ ಆವಿಯೇ ಮೂರರಲ್ಲಿ ಅತಿ ತೀಕ್ಷ್ಣ. ಮನೆಯಲ್ಲಿ ಮಕ್ಕಳಿದ್ದರೆ ಅಕ್ರಿಲಿಕ್‌ನಿಂದಲೇ ಆರಂಭಿಸುವುದು ಸೂಕ್ತ.

ಛಾಯೆಯ ವಿಷಯದಲ್ಲಿ ಸೂಚನಾ ಹಾಳೆಗಳು ಅನೇಕ ಸಲ ಎಫ್‌ಎಸ್ ಎಂದು ಆರಂಭವಾಗುವ ಐದಂಕಿಯ ಸಂಖ್ಯೆ ಕೊಟ್ಟಿರುತ್ತವೆ. ಇದು ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಬಣ್ಣದ ಪಟ್ಟಿಯ ಸಂಖ್ಯೆ. ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 1 ಎಂದರೆ ಹೊಳಪು, 2 ಅರೆಹೊಳಪು, 3 ಹೊಳಪಿಲ್ಲದ್ದು. ಎರಡನೆಯ ಅಂಕಿ ಬಣ್ಣದ ಗುಂಪು. 4 ಹಸಿರು, 5 ನೀಲಿ, 6 ಬೂದು. ಎಫ್-16ರ ಮೇಲೆ ಕಾಣುವ 36375 ಎಂಬ ಸಂಖ್ಯೆಯನ್ನು ಹೊಳಪಿಲ್ಲದ ಬೂದುಗಳಲ್ಲೊಂದು ಎಂದು ಇದರಿಂದಲೇ ಓದಬಹುದು. ಬಾಟಲಿಯ ಹೆಸರಿಗಿಂತ ಈ ಸಂಖ್ಯೆ ನಂಬಿಕೆಗೆ ಅರ್ಹ.

ಬಣ್ಣದ ಪದರ ಎಷ್ಟು ತೆಳ್ಳಗಿರಬೇಕೆಂಬುದಕ್ಕೆ ಒಂದು ಲೆಕ್ಕ ನೋಡಿ. ಮಾದರಿಯ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬಣ್ಣ ಕುಳಿತರೆ 1:72ರ ಲೆಕ್ಕದಲ್ಲಿ ಅದು ನಿಜ ವಿಮಾನದ ಮೇಲೆ 7.2 ಮಿಲಿಮೀಟರ್ ದಪ್ಪದ ಲೇಪವಾದಂತೆ. ಕೊರೆದ ಗೆರೆಗಳೆಲ್ಲ ಅದರಲ್ಲಿ ಹೂತುಹೋಗುತ್ತವೆ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದವರಿಗೆ 0.3 ಮಿಲಿಮೀಟರ್ ನಳಿಕೆ ಹೆಚ್ಚಿನ ಕೆಲಸಗಳಿಗೆಲ್ಲ ಆದೀತು. ಬಣ್ಣವನ್ನು ಅದರದೇ ಥಿನ್ನರಿನಿಂದ ಹಾಲಿನಷ್ಟು ತೆಳ್ಳಗೆ ಮಾಡಿ, ಸುಮಾರು 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಹತ್ತು ಸೆಂಟಿಮೀಟರ್ ಆಸುಪಾಸು ದೂರದಿಂದ ಸಿಂಪಡಿಸಬೇಕು. ಬಟ್ಟಲಿನ ಗೋಡೆಗೆ ಏರಿಸಿದ ಬಣ್ಣ ಹಾಲಿನ ಹಾಗೆ ಪೊರೆಯಂತಹ ತೆಳುಪದರ ಬಿಟ್ಟು ಇಳಿದರೆ ಹದ ಸರಿಯಿದೆ. ಮೈ ಕಿತ್ತಳೆ ಸಿಪ್ಪೆಯಂತೆ ಒರಟಾದರೆ ಬಣ್ಣ ಗಟ್ಟಿಯಾಗಿದೆ ಅಥವಾ ದೂರ ಹೆಚ್ಚಾಗಿದೆ. ಜೇಡನ ಕಾಲಿನಂತೆ ಹರಿದರೆ ಬಣ್ಣ ತೀರ ನೀರಾಗಿದೆ ಅಥವಾ ಕೈ ತೀರ ಹತ್ತಿರ ಬಂದಿದೆ. ಸಿಂಪಡಣೆಯನ್ನು ಮಾದರಿಯ ಆಚೆ ಆರಂಭಿಸಿ, ಮಾದರಿಯನ್ನು ದಾಟಿದ ಮೇಲೆ ನಿಲ್ಲಿಸಬೇಕು. ಏರ್‌ಬ್ರಷ್ ಇಲ್ಲದವರು ಹಿಂಜರಿಯಬೇಕಿಲ್ಲ. ಅಗಲವಾದ ಮೆತ್ತನೆಯ ಚಪ್ಪಟೆ ಕುಂಚದಿಂದ ತೆಳುಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ, ಪ್ರತಿ ಪದರವೂ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಚೊಕ್ಕ ಫಲ ಸಿಗುತ್ತದೆ. ಮೊದಲ ಪದರ ಅಸಹ್ಯವಾಗಿಯೇ ಕಾಣುತ್ತದೆ, ಅದನ್ನು ಆಗಲೇ ತಿದ್ದಲು ಹೋಗದಿರುವುದೇ ಗುಟ್ಟು.

ಎರಡು ಬಣ್ಣಗಳಿದ್ದಲ್ಲಿ ತಿಳಿಯಾದದ್ದು ಮೊದಲು, ಗಾಢವಾದದ್ದು ಆಮೇಲೆ. ಗಡಿ ಚೂಪಾಗಿರಬೇಕಾದಲ್ಲಿ ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಅಂಚಿನ ಮೇಲೆ ಮೊದಲು ಕೆಳಗಿನ ಬಣ್ಣವನ್ನೇ ಇನ್ನೊಮ್ಮೆ ಹಗುರವಾಗಿ ಸಿಂಪಡಿಸಬೇಕು. ನುಸುಳುವುದಿದ್ದರೆ ಆ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ, ಎರಡನೆಯದಕ್ಕೆ ದಾರಿ ಉಳಿಯುವುದಿಲ್ಲ. ಟೇಪನ್ನು ಮೇಲಕ್ಕೆ ಎಳೆಯದೆ ತನ್ನ ಮೇಲೆಯೇ ಮಡಚಿಕೊಂಡು ಹಿಂದಕ್ಕೆ ಎಳೆಯಬೇಕು. ಗಡಿ ಮಸುಕಾಗಿರಬೇಕಾದ ಮರೆಬಣ್ಣಗಳಿಗೆ (ಕ್ಯಾಮೊಫ್ಲಾಜ್) ಒಣಗದ, ಮತ್ತೆ ಕೀಳಬಹುದಾದ ಜಿಗುಟು ಪುಟ್ಟಿಯನ್ನು ಬತ್ತಿಯಂತೆ ಹೊಸೆದು ಗಡಿಯುದ್ದಕ್ಕೂ ಇಟ್ಟರೆ ಅದರ ದುಂಡನೆಯ ಅಂಚು ಬಣ್ಣವನ್ನು ಮೆತ್ತಗೆ ಮಸುಕಾಗಿಸುತ್ತದೆ.

ಲೋಹದ ಮೈಯ ಮಿಗ್-21 ಬೇಕೆಂದರೆ ಬುಡಕ್ಕೆ ಹೊಳಪಿನ ಕಪ್ಪು ಬಣ್ಣ ಹಾಕಿ, ಕನ್ನಡಿಯಂತಾಗುವವರೆಗೆ ಒಣಗಲು ಬಿಟ್ಟು, ಅದರ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಅತಿ ತೆಳುವಾಗಿ ಸಿಂಪಡಿಸಬೇಕು. ಬುಡ ಒರಟಿದ್ದರೆ ಮೇಲಿನದು ಲೋಹವಾಗದೆ ಬರಿಯ ಬೂದಾಗುತ್ತದೆ. ಕೆಲವು ಪ್ಯಾನೆಲ್‌ಗಳನ್ನು ಮರೆಮಾಡಿ ತುಸು ಗಾಢವಾದ ಇನ್ನೊಂದು ಲೋಹದ ಛಾಯೆ ಕೊಟ್ಟರೆ, ನಳಿಕೆಯ ಸುತ್ತಲಿನದನ್ನು ಇನ್ನಷ್ಟು ಗಾಢಗೊಳಿಸಿದರೆ ಹಾಳೆ ಹಾಳೆಯಾಗಿ ಜೋಡಿಸಿದ ನೋಟ ಬರುತ್ತದೆ. ಮೊದಲ ಮಾದರಿಗೆ ಲೋಹದ ಮೈ ಬೇಡವೆಂದೇ ಹೇಳುತ್ತೇನೆ. ಸಂದಿನ ಕೆಲಸದಲ್ಲಿ ತೋರಿದ ಪ್ರತಿಯೊಂದು ಸೋಮಾರಿತನಕ್ಕೂ ಅದು ಲೆಕ್ಕ ಕೇಳುತ್ತದೆ.

ಡೆಕಾಲ್

ಹೊಳಪಿಲ್ಲದ ಬಣ್ಣ ಸೂಕ್ಷ್ಮವಾಗಿ ನೋಡಿದರೆ ಒರಟು. ಅದರ ಮೇಲೆ ನೇರವಾಗಿ ಡೆಕಾಲ್ ಕೂರಿಸಿದರೆ ಕುಳಿಗಳಲ್ಲಿ ಗಾಳಿ ಸಿಕ್ಕಿಕೊಂಡು ಪಾರದರ್ಶಕ ಪೊರೆ ಬೆಳ್ಳಗೆ ಮಿನುಗುತ್ತದೆ. ಆದ್ದರಿಂದ ಮೊದಲು ಇಡೀ ಮಾದರಿಗೆ ಹೊಳಪು ವಾರ್ನಿಷ್ ಕೊಟ್ಟು ಒಂದು ದಿನ ಒಣಗಿಸಬೇಕು. ಡೆಕಾಲನ್ನು ಹಾಳೆಯಿಂದ ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ಹೊರಗಿಟ್ಟು, ತಾನಾಗಿ ಜಾರುವವರೆಗೆ ಕಾಯಬೇಕು. ನೀರಿನಲ್ಲೇ ತೇಲಿಬಿಟ್ಟರೆ ಹಿಂಬದಿಯ ಅಂಟು ತೊಳೆದುಹೋಗುತ್ತದೆ. ಕೂರಿಸುವ ಜಾಗಕ್ಕೆ ಡೆಕಾಲ್ ಚೆನ್ನಾಗಿ ಹಿಡಿಯಲು ನೆರವಾಗುವ ಸೆಟ್ಟಿಂಗ್ ದ್ರವ ಸವರಿ, ಕಾಗದದಿಂದ ಜಾರಿಸಿ, ಒದ್ದೆ ಕುಂಚದಿಂದ ಸರಿಪಡಿಸಿ, ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ತೆಗೆಯಬೇಕು. ಆಮೇಲೆ ಮೆತ್ತಗಾಗಿಸುವ ದ್ರವ ಹಚ್ಚಿದಾಗ ಡೆಕಾಲ್ ಗಾಬರಿಯಾಗುವಷ್ಟು ಸುಕ್ಕುಗಟ್ಟುತ್ತದೆ. ಆಗ ಮುಟ್ಟಬಾರದು. ಒಣಗುತ್ತಾ ಅದು ಗೆರೆಗಳೊಳಗೆ ಇಳಿದು ಬಣ್ಣ ಬಳಿದಂತೆ ಕೂರುತ್ತದೆ. ಎಲ್ಲಾದರೂ ಗಾಳಿ ಉಳಿದಿದ್ದರೆ ಸೂಜಿಯಿಂದ ಚುಚ್ಚಿ ಅದೇ ದ್ರವದ ಹನಿ ಬಿಟ್ಟರೆ ಸಾಕು. ಕೊನೆಗೆ ಮತ್ತೊಂದು ಹೊಳಪಿನ ಪದರ.

ಗೆರೆಗಳ ನೆರಳು, ಬಳಕೆಯ ಕುರುಹು

ತೈಲಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ಕೊಳಕು ನೀರಿನಷ್ಟು ತೆಳ್ಳಗೆ ಕದಡಿ ಪ್ಯಾನೆಲ್ ಗೆರೆಗೆ ಕುಂಚದ ತುದಿ ಮುಟ್ಟಿಸಿದರೆ ಅದು ಗೆರೆಯುದ್ದಕ್ಕೂ ಓಡುತ್ತದೆ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ, ಹಾರುವಾಗ ಗಾಳಿ ಹರಿಯುವ ದಿಕ್ಕಿನಲ್ಲೇ ಒರೆಸಬೇಕು. ಕೆಳಗಿನ ಬಣ್ಣ ಮತ್ತು ವಾರ್ನಿಷ್ ಎನಾಮೆಲ್ ಆಗಿದ್ದರೆ ಈ ದ್ರವ ಅದನ್ನೂ ಕರಗಿಸಬಹುದು; ಅಕ್ರಿಲಿಕ್ ವಾರ್ನಿಷಿನ ಮೇಲೆ ಭಯವಿಲ್ಲ. ಅಪ್ಪಟ ಕಪ್ಪನ್ನು ಬಳಸಿದರೆ ವಿಮಾನ ಚೌಕುಳಿ ಬಟ್ಟೆಯಂತೆ ಕಾಣುತ್ತದೆ. ಮೈಬಣ್ಣಕ್ಕಿಂತ ಎರಡು ಮೂರು ಛಾಯೆ ಗಾಢವಾದ ಕಂದುಬೂದು ಸಾಕು. ಬಳಕೆಯ ಕಲೆಗಳಲ್ಲೂ ಮಿತವೇ ಹಿತ. ಅವನ್ನು ಚಕ್ರದ ಗುಳಿಯ ಹಿಂದೆ, ನಳಿಕೆಯ ಆಸುಪಾಸಿನಲ್ಲಿ, ನೆಲದ ಸಿಬ್ಬಂದಿ ಕಾಲಿಡುವ ರೆಕ್ಕೆಯ ಬುಡದಲ್ಲಿ ಮಾತ್ರ ತೋರಿಸಿ, ನಿಜ ವಿಮಾನದ ಛಾಯಾಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತಿರಬೇಕು. ಇದಾದ ಮೇಲೆ ವಿಮಾನಕ್ಕೆ ತಕ್ಕಂತೆ ಹೊಳಪಿಲ್ಲದ ಅಥವಾ ಅರೆಹೊಳಪಿನ ಕೊನೆಯ ವಾರ್ನಿಷ್ ಕೊಡಬೇಕು.

ಉಳಿಸಿಕೊಂಡ ಭಾಗಗಳು

ಈಗ ಚಕ್ರ, ಬಾಗಿಲು, ಕ್ಷಿಪಣಿ, ಇಂಧನ ಟ್ಯಾಂಕ್‌ಗಳ ಸರದಿ. ಚಕ್ರದ ನೆಲ ತಾಗುವ ಕಡೆ ಸ್ಯಾಂಡ್ ಪೇಪರಿನಿಂದ ಒಂದಿಷ್ಟು ಚಪ್ಪಟೆ ಮಾಡಿದರೆ ಟನ್ನುಗಟ್ಟಲೆ ಭಾರ ಹೊತ್ತ ಟೈರಿನ ನೋಟ ಬರುತ್ತದೆ. ಅಂಟು ತಾಗುವ ಜಾಗದಲ್ಲಿ ಬಣ್ಣವನ್ನು ಕೆರೆದು ತೆಗೆಯಬೇಕು, ಇಲ್ಲವಾದರೆ ಸಿಮೆಂಟಿಗೆ ಪ್ಲಾಸ್ಟಿಕ್ ಸಿಗುವುದಿಲ್ಲ. ಕ್ಯಾನೊಪಿಯ ಟೇಪುಗಳನ್ನು ಬಿಡಿಸುವಾಗ ಮೊದಲು ಅಂಚಿನಲ್ಲಿ ಬ್ಲೇಡಿನಿಂದ ಬಣ್ಣದ ಪೊರೆಯನ್ನು ಹಗುರವಾಗಿ ಸೀಳಿಕೊಳ್ಳಬೇಕು.

ಮಿಗ್-21ರ ಮೂಗಿನಿಂದ ಮುಂದಕ್ಕೆ ಚಾಚುವ, ಗಾಳಿಯ ವೇಗ ಅಳೆಯುವ ಉದ್ದನೆಯ ಪಿಟೋ ಕೊಳವೆ ಎಲ್ಲಕ್ಕಿಂತ ಕೊನೆಯದು. ಕಿಟ್‌ನ ಪ್ಲಾಸ್ಟಿಕ್ ಕೊಳವೆ ದಪ್ಪಗೂ ಇರುತ್ತದೆ, ಅಂಗಿಯ ತೋಳು ತಾಗಿದರೆ ಮುರಿಯುತ್ತದೆ ಕೂಡ. ಅದರ ಬದಲು ಮೊನೆ ಸವೆಸಿದ ಇಂಜೆಕ್ಷನ್ ಸೂಜಿಯನ್ನು ಅಥವಾ ತೆಳು ಹಿತ್ತಾಳೆ ಕೊಳವೆಯನ್ನು ಅಳತೆಗೆ ಕತ್ತರಿಸಿ, ಬುಡದಲ್ಲಿ ಅದೇ ದಪ್ಪದ ರಂಧ್ರವನ್ನು ಕೈಯಿಂದ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ ಕೊರೆದು, ಸೂಪರ್ ಗ್ಲೂವಿನ ಒಂದು ಚುಕ್ಕೆ ಇಟ್ಟು ಸೇರಿಸಬೇಕು. ಅಂಟು ಹಿಡಿಯುವವರೆಗಿನ ಅರ್ಧ ನಿಮಿಷದಲ್ಲಿ ಮಾದರಿಯನ್ನು ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ ಕೊಳವೆಯನ್ನು ಒಡಲಿನ ನೇರಕ್ಕೆ ತಂದು ಬಿಡಬೇಕು.